ದಪ್ಪ ಪುಸ್ತಕದ ಎಂಟು ಹಾಳೆ

ಗೋಂದಮ್ಮನ ಕೈಯಲ್ಲಿದ್ದ ತೆಳ್ಳನೆಯ ಲ್ಯಾಟಿನ್ ಪುಸ್ತಕವನ್ನು ಅಕ್ಕ ಕಿತ್ತುಕೊಂಡು ಅಂಗಡಿಯ ಕಪಾಟಿಗೆ ತುರುಕಿದಳು.

"ಹಿಂದ್ಗಡೆ ಉತ್ತರ ಕೊಟ್ಟಿರೋ ಪುಸ್ತಕ ಸೋಮಾರಿಗಳಿಗೆ. ನನ್ನ ದಪ್ಪ ಪುಸ್ತಕ ಇದೆ, ಅದ್ರಲ್ಲಿ ಉತ್ತರ ಇಲ್ಲ. ಅದನ್ನ ಓದು. ಭಾನುವಾರ ಭಾನುವಾರ ಬಂದು ತೋರ್ಸು, ತಿದ್ತೀನಿ."

"ನಾನೇ ಕಲ್ತ್ಕೋತೀನಿ ಅಂತಿದ್ದೆ, ಅಕ್ಕ."

"ನೀನಾ?" ಎಂದು ಅಕ್ಕ ಅಂಗಡಿಯವನ ಕಡೆ ತಿರುಗಿ ನಕ್ಕಳು. ಅವನೂ ನಕ್ಕ. ನಗಲಿ, ಅವನ ಗಂಟೇನು ಹೋಗಬೇಕು!

ಗೋಂದಮ್ಮ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ ಎಲೆ, ಬೇರುಗಳನ್ನು ರಟ್ಟಿಗೆ ಅಂಟಿಸುವುದು, ಹಳೆಯ ದಾಖಲೆ ಪುಸ್ತಕಗಳಿಗೆ ಹೊಸ ಬೆನ್ನು ಕಟ್ಟುವುದು ಅವಳ ಹತ್ತೊಂಬತ್ತು ವರ್ಷದ ಕೆಲಸ. ಹಳೆಯ ರಟ್ಟುಗಳ ಮೇಲಿನ ವಿವರವೆಲ್ಲ ಲ್ಯಾಟಿನ್ನಿನಲ್ಲಿ. ಈಗ ಮೇಲ್ವಿಚಾರಕರ ಹುದ್ದೆ ಖಾಲಿಯಾಗಿತ್ತು. ಇನ್ನು ಮೂರು ತಿಂಗಳಿಗೆ ಪರೀಕ್ಷೆ, ಅದರಲ್ಲೊಂದು ಲ್ಯಾಟಿನ್ ಪತ್ರಿಕೆ. ವಯಸ್ಸಿನ ಮಿತಿ ನೋಡಿದರೆ ಅವಳಿಗೆ ಇದೇ ಕೊನೆಯ ಅವಕಾಶ. ತಪ್ಪಿದರೆ ನಿವೃತ್ತಿಯವರೆಗೂ ಗೋಂದೇ ಗತಿ. ಅಕ್ಕನೋ ಇಪ್ಪತ್ತು ವರ್ಷ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದವಳು. ಗೋಂದಮ್ಮ ಹಲ್ಲು ಕಚ್ಚಿಕೊಂಡು ದಪ್ಪ ಪುಸ್ತಕಕ್ಕೇ ಒಪ್ಪಿದಳು. ತಪ್ಪು ಮಾಡಿದಳು.

ಐದು ಭಾನುವಾರ ಹೋಗಿದ್ದಾಯಿತು. ಅಕ್ಕ ನೋಟುಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು.

"ನೀನು ಎದುರಿಗೆ ಕೂತು ಗುರಾಯಿಸ್ತಿದ್ರೆ ತಿದ್ದೋಕಾಗಲ್ಲ ನನಗೆ."

ಅರ್ಧ ಗಂಟೆ ಬಿಟ್ಟು ನೋಟುಪುಸ್ತಕ ಹೊರಗೆ ಬರುವಾಗ ಹತ್ತು ವಾಕ್ಯದಲ್ಲಿ ಆರೇಳಕ್ಕೆ ಕೆಂಪು ಗೀಟು. ಯಾಕೆ ತಪ್ಪು ಎಂದು ಕೇಳಿದರೆ, "ಅಷ್ಟೂ ಗೊತ್ತಾಗಲ್ವಾ?" ಗೋಂದಮ್ಮ ಮನೆಗೆ ಬಂದು ಅದನ್ನೇ ಮತ್ತೆ ಓದುವಳು. ಬಂದಿದ್ದ ಪಾಠವೂ ಕಲಸುಮೇಲೋಗರವಾಗುತ್ತಿತ್ತು.

ಆಮೇಲಿನ ಬುಧವಾರ ಪುಸ್ತಕದ ಬೆನ್ನು ಬಿಟ್ಟುಕೊಂಡಿತು. ಊಟದ ಬಿಡುವಿನಲ್ಲಿ ಅದನ್ನು ಕೆಲಸದ ಮೇಜಿನ ಮೇಲೆ ಬಿಚ್ಚಿದಳು. ಕೊನೆಯ ಹೊಲಿಗೆಯಲ್ಲಿ ಎಂಟು ಹಾಳೆಗಳ ಬುಡ ಮಾತ್ರ ಉಳಿದಿತ್ತು, ಉಗುರಿನಷ್ಟು ಅಗಲ. ಹರಿದದ್ದಲ್ಲ, ಬ್ಲೇಡಿನಲ್ಲಿ ಕೊಯ್ದದ್ದು. ಪುಸ್ತಕದ ಮೊದಲಿಗಿದ್ದ ಪರಿವಿಡಿಯ ಕೊನೆಯ ಸಾಲಿನ ಮೇಲೆ ಬಿಳಿ ಚೀಟಿಯೊಂದನ್ನು ಅಂಟಿಸಿತ್ತು. ಅಂಟು ಬಿಡಿಸುವುದನ್ನು ಗೋಂದಮ್ಮನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒದ್ದೆ ಹತ್ತಿ ಒತ್ತಿ ಚೀಟಿ ಎಬ್ಬಿಸಿದಳು. ಕೆಳಗೆ 'ಉತ್ತರಗಳು' ಎಂದಿತ್ತು.

ಅಕ್ಕನ ಶಾಲೆಯಲ್ಲಿ ಇದೊಂದು ಪದ್ಧತಿ. ವರ್ಷದ ಮೊದಲ ದಿನ ಮಕ್ಕಳ ಪುಸ್ತಕಗಳಿಂದ ಉತ್ತರದ ಹಾಳೆ ಕೊಯ್ದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅಕ್ಕನೇ ಜಂಬದಿಂದ ಹೇಳಿದ್ದಳು. ಒಡಹುಟ್ಟಿದ ತಂಗಿಗೂ ಬ್ಲೇಡು! ಗೋಂದಮ್ಮನ ಪಿತ್ತ ನೆತ್ತಿಗೇರಿತು. ಅರ್ಧ ದಿನ ರಜೆ ಬರೆದುಕೊಟ್ಟು, ಪುಸ್ತಕವನ್ನೂ ನೋಟುಪುಸ್ತಕವನ್ನೂ ಚೀಲಕ್ಕೆ ತುರುಕಿಕೊಂಡು ಅಕ್ಕನ ಮನೆಗೆ ಹೊರಟಳು.

"ಇವತ್ತು ಬುಧವಾರ ಅಲ್ವೇನೇ?" ಎಂದು ಅಕ್ಕ ಬಾಗಿಲು ತೆರೆದಳು.

ಗೋಂದಮ್ಮ ನೇರ ಒಳಕೋಣೆಗೆ ನುಗ್ಗಿದಳು. ಮೇಜಿನ ಡ್ರಾಯರಿನಲ್ಲಿ ಎಂಟು ಹಾಳೆ, ಮೇಲೊಂದು ಕೆಂಪು ಪೆನ್ನು. ತನ್ನ ನೋಟುಪುಸ್ತಕ ಪಕ್ಕದಲ್ಲಿ ಬಿಚ್ಚಿಟ್ಟು ನೋಡುತ್ತಾ ಹೋದಳು. ಮೂರನೇ ಪಾಠ, ಏಳು ಗೀಟು. ಅದರಲ್ಲಿ ಐದು ವಾಕ್ಯ ಹಾಳೆಯಲ್ಲಿದ್ದಂತೆಯೇ ಇದ್ದವು, ಅಕ್ಷರ ಹೆಚ್ಚುಕಡಿಮೆಯಿಲ್ಲ. ನಾಲ್ಕನೇ ಪಾಠದ್ದೂ ಅದೇ ಕಥೆ.

"ಇವು ಸರಿ ಇದ್ವು. ಹಾಳೆ ಮುಂದೆ ಇಟ್ಕೊಂಡೇ ತಪ್ಪು ಹಾಕ್ದೆ. ಯಾಕೆ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ಆಮೇಲೆ ಸಿಡುಕಿದಳು. "ಎಲ್ಲಾ ಸರಿ ಅಂದ್ಬಿಟ್ರೆ ನನ್ನತ್ರ ಯಾಕೆ ಬರ್ತಿದ್ದೆ ನೀನು?"

ಐದು ವಾರ! ಹನ್ನೆರಡರಲ್ಲಿ ಐದು ವಾರ ಮಣ್ಣುಪಾಲು. ಗೋಂದಮ್ಮನಿಗೆ ಕನಿಕರ ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ಹಾಳೆಗಳನ್ನು ಪುಸ್ತಕದೊಳಗಿಟ್ಟು, ಪೆನ್ನನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿದಳು.

ಅಕ್ಕ ಹೊಸ್ತಿಲವರೆಗೆ ಬಂದಳು. ಗದರುವ ದನಿ ಎಲ್ಲಿ ಹೋಗಿತ್ತೋ. "ಭಾನುವಾರ?"

"ಭಾನುವಾರ ನನಗೆ ಓದೋದಿದೆ" ಎಂದಳು ಗೋಂದಮ್ಮ.