ಸೌತೆ ಬಳ್ಳಿಯ ಜಗಳ

ಕಾಲ್ಬೆರಳ ಸಂದಿಯಲ್ಲಿ ಏನೋ ಚುಚ್ಚಿತು, ಹುಲ್ಲುಕಡ್ಡಿ, ಚುಚ್ಚಲಿ, ತುಳಿ ಮಾಕಾ ತುಳಿ, ಕೆಸರು ಮೊಣಕಾಲವರೆಗೆ ತಣ್ಣಗಿದೆ, ತಲೆ ಮಾತ್ರ ಕಾದ ಹೆಂಚು, ಗೋಡೆಯ ಆಚೆ ನನ್ನ ಮಗಳು ನಾರಾ ಹೆರಿಗೆ ನೋವು ತಿನ್ನುತ್ತಿದ್ದಾಳೆ, ಈಚೆ ನಾನು ಫರೋಹನ ಇಟ್ಟಿಗೆಗೆ ಮಣ್ಣು ತುಳಿಯುತ್ತಿದ್ದೇನೆ, ಕೆಲಸ ಬಿಟ್ಟು ಒಳಗೆ ಹೋದರೆ ಕಾವಲುಗಾರ ಹಿಂದೆಯೇ ಬರುತ್ತಾನೆ, ಅಗೋ ಖರ್ಜೂರದ ನೆರಳಲ್ಲಿ ಕೋಲು ಊರಿಕೊಂಡು ಈರುಳ್ಳಿ ಅಗಿಯುತ್ತಿದ್ದಾನೆ, ಅಗಿ, ಹೊಟ್ಟೆ ಬಿರಿಯುವಷ್ಟು ಅಗಿ — ನಾರಾ ಈಗ ಹೆರಿಗೆಗೆಂದು ಇಟ್ಟ ಎರಡು ಇಟ್ಟಿಗೆಗಳ ಮೇಲೆ ಕುಕ್ಕರಗಾಲಲ್ಲಿ ಕೂತಿರಬೇಕು, ನಾನೇ ಮಾಡಿದವು, ಸೆರಗಿನಲ್ಲಿ ಹಿಡಿಹಿಡಿ ಹುಲ್ಲು ಕದ್ದು ತಂದು ಕಲಸಿದೆ, ಒಂದು ಕಡ್ಡಿ ಮೇಲೆದ್ದು ಬಂಗಾರದ ಹಾಗೆ ಹೊಳೆಯುತ್ತಿತ್ತು, ಕಿತ್ತುಹಾಕೋಣ ಅಂದುಕೊಂಡು ಬಿಟ್ಟೆ, ರಾಜನ ಮುದ್ರೆ ಮಾತ್ರ ಒತ್ತಲಿಲ್ಲ, ನನ್ನಮ್ಮ ನನ್ನನ್ನು ಹೆತ್ತದ್ದು ಮುದ್ರೆ ಬಿದ್ದ ಇಟ್ಟಿಗೆಯ ಮೇಲಂತೆ, ಅದಕ್ಕೇ ಕಣೇ ನೀನು ಹುಟ್ಟಾ ಸಿಡುಕಿ ಅನ್ನುತ್ತಿದ್ದಳು. ಹೆಣ್ಣಾದರೆ ಸೂಲಗಿತ್ತಿ ಹಾಡುತ್ತಾಳೆ, ಕೇರಿಯೆಲ್ಲ ದನಿಗೂಡಿಸುತ್ತದೆ, ಗಂಡಾದರೆ ನದಿಗೆ ಎಸೆಯಿರಿ ಅಂತ ರಾಜನ ಅಪ್ಪಣೆ, ಅದಕ್ಕೆ ಗಂಡು ಹುಟ್ಟಿದರೆ ನಮ್ಮ ಕೇರಿ ಹಾಡುವುದಿಲ್ಲ, ಜಗಳವಾಡುತ್ತದೆ, ಕೂಸಿನ ಅಳು ಮುಳುಗುವಷ್ಟು ಜೋರಾಗಿ, ಆ ಗದ್ದಲದಲ್ಲಿ ಸೂಲಗಿತ್ತಿ ಅದನ್ನು ಹುಲ್ಲಿನ ಬುಟ್ಟಿಯಲ್ಲಿಟ್ಟು ಹಿಂಬಾಗಿಲಿಂದ ಕುರಿಗಾಹಿಗಳ ಹಟ್ಟಿಗೆ ದಾಟಿಸುತ್ತಾಳೆ, ಅಲ್ಲಿ ಎಷ್ಟು ಹುಡುಗರು ಓಡಾಡುತ್ತಿದ್ದಾರೆ, ಎಲ್ಲ ನನ್ನ ಗಂಟಲಿನಿಂದ ಬದುಕಿದವರು, ನನ್ನಷ್ಟು ಚೆನ್ನಾಗಿ ಬೈಯುವವಳು ಈ ಗೋಷೆನ್ ಸೀಮೆಯಲ್ಲೇ ಇಲ್ಲ — ಇವಳ್ಯಾಕೆ ಬಂದಳು, ಪಕ್ಕದ ಮನೆಯ ಅಟಾರಾ, ಸೊಂಟದ ಮೇಲೆ ಕೈ, ಏಯ್ ಮಾಕಾ, ನಿನ್ ಆಡು ನನ್ ಸೌತೆ ಬಳ್ಳಿ ಪೂರ್ತಿ ಮೇಯ್ದು ಹಾಕೈತೆ, ಹೊಟ್ಟೆಗೆ ಅನ್ನ ತಿಂತೀಯೋ ಮಣ್ಣು ತಿಂತೀಯೋ, ಅಯ್ಯೋ ಇವಳ, ನಿನ್ನೆಯೂ ಇದೇ ರಾಗ, ಮಗಳು ಒಳಗೆ ಒದ್ದಾಡುವ ಹೊತ್ತಿನಲ್ಲಿ ಇವಳಿಗೆ ಸೌತೆಕಾಯಿಯ ಚಿಂತೆ, ಹೋಗೇ ಸುಳ್ಳಿ, ನನ್ ಆಡು ಕಟ್ಟಿದ ಹಗ್ಗದಲ್ಲೇ ಐತೆ, ನಿನ್ ಬಳ್ಳಿ ನೀನೇ ಮೇಯ್ದಿರ್ಬೇಕು, ಹೋಗಿ ಕನ್ನಡೀಲಿ ಹಲ್ಲು ನೋಡ್ಕೋ — ರಕ್ತ ಕುದಿಯುತ್ತಿದೆ, ಆದರೆ ಇವಳ ಬಾಯಿ ಬೈಯುತ್ತಿದೆ, ಕಣ್ಣೇಕೆ ಒದ್ದೆಯಾಗಿದೆ, ಒದ್ದೆಯಾಗಿ ನಗುತ್ತಿದೆ, ಅಯ್ಯೋ ಮಂಕೇ, ಮಾಕಾ, ನಿಜವಾಗಿ ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡೆಯಲ್ಲೇ, ಸೂಲಗಿತ್ತಿ ಕಳಿಸಿದ್ದಾಳೆ ಇವಳನ್ನು, ಊರವರ ಕೂಸುಗಳಿಗೆಲ್ಲ ಜಗಳವಾಡಿ ನಿನ್ನ ಮನೆಯ ಜಗಳ ಗೊತ್ತಾಗಲಿಲ್ಲವೇ, ಗಂಡು, ಗಂಡು, ನಮ್ಮ ತಾತಂದಿರ ದೇವರೇ, ಗಂಡು!

ಬೈಯಬೇಕು ಈಗ, ಬಾಯಿ ತೆಗೆದರೆ ನಗು ಬರುತ್ತಿದೆ, ಹುಟ್ಟಾ ಸಿಡುಕಿಗೆ ಇವತ್ತು ಒಂದು ಚೂರು ಸಿಟ್ಟು ಸಿಗುತ್ತಿಲ್ಲ, ಸತ್ತ ಗಂಡನನ್ನು ನೆನೆದೆ, ಬರಲಿಲ್ಲ, ಬೆನ್ನಿನ ಮೇಲಿನ ಬಾಸುಂಡೆ ನೆನೆದೆ, ಅದಕ್ಕೂ ನಗು, ಅಗೋ ಗೋಡೆಯಾಚೆ ಕೂಸಿನ ಮೊದಲ ಅಳು, ಬೆಕ್ಕಿನ ಮರಿಯಷ್ಟು ಸಣ್ಣಗೆ, ಕಾವಲುಗಾರನ ದವಡೆ ನಿಂತಿತು, ಕಿವಿ ತಿರುಗಿತು, ಕೋಲು ನೆಲದಿಂದ ಮೇಲೆದ್ದಿತು, ಬರುತ್ತಿದ್ದಾನೆ, ಅಟಾರಾಳ ಮುಖ ಬಿಳುಚಿತು, ಬೈಯೇ ಮಾರಾಯ್ತಿ ಅಂತ ಪಿಸುಗುಟ್ಟಿದಳು — ಮಾತು ಬರಲಿಲ್ಲ, ಕೈ ಬಂತು, ಬೊಗಸೆ ತುಂಬ ಕೆಸರು ಎತ್ತಿ ಎಸೆದೆ, ಅವಳ ತೆರೆದ ಬಾಯಿಗೇ ಬಿತ್ತು, ಥೂ ಥೂ, ನಿನ್ ಕೈ ಮುರಿಯಾ, ನನ್ ಮೂತಿಗೇ ಎಸೀತೀಯೇನೇ, ಈಗ ನೋಡು ಅವಳಿಗೆ ನಿಜವಾದ ಸಿಟ್ಟು, ಕೆಸರಿನ ಗುಂಡಿಗೇ ಹಾರಿ ನನ್ನ ಜಡೆ ಹಿಡಿದಳು, ನಾನು ಅವಳದು ಹಿಡಿದೆ, ಇಬ್ಬರೂ ದೊಪ್ಪನೆ ಬಿದ್ದೆವು, ಕೇರಿಯ ಹೆಂಗಸರೆಲ್ಲ ಓಡಿ ಬಂದರು, ಬಿಡ್ಸ್ರೇ ಅಂತ ಒಬ್ಬಳು, ಇನ್ನೂ ಎರಡು ಬಿಡು ಅಕ್ಕಾ ಅಂತ ಇನ್ನೊಬ್ಬಳು, ನಾನು ಕೆಸರಿನೊಳಗೆ ಮುಖವಿಟ್ಟು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೇನೆ, ಅಳುತ್ತಿದ್ದಾಳೆ ಅಂದುಕೊಂಡಿರಬೇಕು ಕಾವಲುಗಾರ, ಈ ಇಬ್ರಿಯ ಕುಲದ ಹೆಂಗಸ್ರ ಸಹವಾಸ ಎಮ್ಮೆಗೂ ಬ್ಯಾಡಪ್ಪಾ, ಏಯ್ ಇಬ್ರೂ ಹೋಗಿ ಮುಖ ತೊಳ್ಕಳ್ರೇ, ಕೂಗುತ್ತಾ ಈರುಳ್ಳಿಯ ಕಡೆಗೆ ತಿರುಗಿದ, ಹೋಗು ರಾಜಾ, ತಿನ್ನು, ನಿನ್ನ ಹೊಟ್ಟೆ ತಣ್ಣಗಿರಲಿ. ಮುಖ ತೊಳೆಯುವ ನೆವದಲ್ಲಿ ಒಳಗೆ ಓಡಿದೆ, ನಾರಾ ಬೆವರಿನಲ್ಲಿ ಮಿಂದು ನಗುತ್ತಿದ್ದಾಳೆ, ಏನಮ್ಮಾ ಈ ಅವತಾರ, ಸುಮ್ಮನಿರೇ, ಸೂಲಗಿತ್ತಿ ಬುಟ್ಟಿ ಮುಚ್ಚುವವಳಿದ್ದಾಳೆ, ಬೇಗ ನೋಡು ತಾಯಿ, ಮುಟ್ಟಬ್ಯಾಡ ಕೆಸರು, ಮುಟ್ಟುವುದಿಲ್ಲ, ನೋಡುತ್ತೇನೆ ಅಷ್ಟೆ, ಕೂಸು ಮುಷ್ಟಿ ಕಟ್ಟಿ ಕೆಂಪಗೆ ಕಿರುಚುತ್ತಿದೆ, ನನ್ನದೇ ಗಂಟಲು, ಕಾಲು ಝಾಡಿಸುತ್ತಿದೆ, ಹುಟ್ಟುವಾಗ ನನ್ನ ಇಟ್ಟಿಗೆಗೆ ಸವರಿ ಅಂಟಿರಬೇಕು, ಆ ಹಿಮ್ಮಡಿಗೆ, ನನ್ನ ಹೆಬ್ಬೆರಳಿನಷ್ಟೂ ಇಲ್ಲದ ಒದ್ದೆ ಹಿಮ್ಮಡಿಗೆ, ಹುಲ್ಲುಕಡ್ಡಿ, ಬಂಗಾರದ ಹಾಗೆ, ಹುಲ್ಲುಕಡ್ಡಿ —