ಕರಿಯಮ್ಮನ ಅರ್ಧ ಗುಳಿಗೆ

ಔಷಧಿಯಿಂದ ಯಾರಿಗಾದರೂ ತೊಂದರೆಯಾಯಿತೇ ಎಂದು ವಿಚಾರಿಸಿ ವರದಿ ಮಾಡುವುದು ಶಿವರಂಜಿನಿಯ ಕೆಲಸ. ಚಾಮರಾಜನಗರದ ಆಫೀಸಿನಲ್ಲಿ ಅವಳಿಗೆ ಮೇಜು, ಕಂಪ್ಯೂಟರ್, ಫೋನು ಎಲ್ಲಾ ಇತ್ತು. ಆದರೆ ಫೋನಿನಲ್ಲಿ ಕೇಳಿದರೆ ಈ ಸೀಮೆಯ ಜನ ಮೇಲೇಳಲಾರದೆ ಮಲಗಿದ್ದರೂ ಚೆನ್ನಾಗಿದ್ದೀನಿ ಎಂದು ಹೇಳಿ, ನಿಂದು ಊಟ ಆಯ್ತಾ ಎಂದು ತಿರುಗಿ ಕೇಳುತ್ತಾರೆ. ಡಾಕ್ಟರು ಕೊಟ್ಟ ಮಾತ್ರೆಯ ಮೇಲೆ ದೂರು ಹೇಳುವುದು ಇಲ್ಲಿ ಮರ್ಯಾದೆಯಲ್ಲ. ಹಾಗಾಗಿ ಅವಳೊಂದು ಉಪಾಯ ಮಾಡಿದ್ದಳು. ಹೆಂಡತಿಯ ಕಷ್ಟವನ್ನು ಗಂಡನ ಹತ್ತಿರ, ಗಂಡನದನ್ನು ಹೆಂಡತಿಯ ಹತ್ತಿರ ಕೇಳುವುದು. ಬೇರೆಯವರ ವಿಷಯವೆಂದರೆ ಯಾರ ಬಾಯಿಗೂ ಬೀಗವಿಲ್ಲ.

ಆ ದಿನ ಗುಂಡ್ಲುಪೇಟೆಗೆ ಹೋದದ್ದು ಕರಿಯಮ್ಮನನ್ನು ನೋಡಲು. ಹೊಸ ಗುಳಿಗೆ ಶುರುವಾಗಿ ತಿಂಗಳಾದರೂ ಮುದುಕಿಯ ಬಿಪಿ ಜಗ್ಗಿರಲಿಲ್ಲ. ಶಿವರಂಜಿನಿಗೆ ಇನ್ನೊಂದು ಭಯವೂ ಇತ್ತು. ಇದೇ ಗುಳಿಗೆ ನುಂಗುತ್ತಿದ್ದ ಬೇರೆ ಊರಿನವರೊಬ್ಬರು ತುಟಿ ಊದಿ, ಗಂಟಲು ಕಟ್ಟಿ ತೀರಿಕೊಂಡಿದ್ದರು. ಸುದ್ದಿ ಅವಳಿಗೆ ಮುಟ್ಟಿದ್ದು ತಿಥಿ ಮುಗಿದ ಮೇಲೆ. ಆ ಸಂಕಟ ಇನ್ನೂ ಆರಿರಲಿಲ್ಲ.

ಈರುಳ್ಳಿ ಮಂಡಿಯ ಹಿಂದಿನ ಮನೆಯಲ್ಲಿ ಕರಿಯಮ್ಮ ತನಗೇನೂ ಆಗಿಲ್ಲವೆಂದು ಹೇಳಿ ಕಾಫಿ ಕೊಟ್ಟಳು. ಗಂಡ ದೊಡ್ಡಬೀರಯ್ಯ ಬಾಯಿಗೆ ಟವೆಲ್ ಅಡ್ಡ ಹಿಡಿದು ಮೂಲೆಯಲ್ಲಿ ಕೂತಿದ್ದ. ಅವನಿಗೇನಾಗಿದೆ ಎಂದು ಕೇಳಿದರೆ, ಯಾವುದೋ ಹುಳ ಕಚ್ಚಿ ತುಟಿ ಊದಿದೆ, ಅಷ್ಟಕ್ಕೇ ನಾಟಕ ಮಾಡುತ್ತಿದ್ದಾನೆ ಎಂದು ಕರಿಯಮ್ಮ ನಕ್ಕಳು.

ಶಿವರಂಜಿನಿ ಟವೆಲ್ ಸರಿಸಿ ನೋಡಿದಳು. ಹುಳ ಕಚ್ಚಿದ ಗುರುತೇ ಇರಲಿಲ್ಲ.

"ಅಮ್ಮ, ನಿಮ್ಮ ಗುಳಿಗೆ ಇವ್ರೂ ತಿಂತಾರಾ?"

ಕರಿಯಮ್ಮನಿಗೆ ಅವಮಾನವಾದಂತಾಯಿತು. "ಇದೇನ್ ಕಣಮ್ಮಿ ಇಂಗ್ ಕೇಳ್ತೀಯೆ? ಈ ಮನೇಲಿ ಒಂದ್ ಬಾಳೆಅಣ್ ಬಂದ್ರೂ ಅರ್ಧ ಮಾಡೇ ತಿನ್ನದು. ಗುಳಿಗೆನ ನಾನೊಬ್ಳೇ ನುಂಗ್ಬುಟ್ಟು, ಈವಯ್ಯನ್ ಬುಟ್ಟು ನಾನೊಬ್ಳೇ ಬದುಕ್ಲಾ?"

ವಿವರಿಸುತ್ತಾ ಕೂರುವ ಹೊತ್ತು ಅದಾಗಿರಲಿಲ್ಲ. ಶಿವರಂಜಿನಿ ಬೀದಿಗೆ ಓಡಿ, ಕೇರಳಕ್ಕೆ ಹೊರಟಿದ್ದ ಟೊಮ್ಯಾಟೊ ಪಿಕಪ್ಪನ್ನು ಅಡ್ಡಹಾಕಿದಳು. ಮುದುಕನನ್ನು ಡ್ರೈವರ್ ಪಕ್ಕ ಕೂರಿಸಿ, ಹೆಂಗಸರಿಬ್ಬರೂ ಹಿಂದೆ ಕ್ರೇಟುಗಳ ನಡುವೆ ಹತ್ತಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ದೊಡ್ಡಬೀರಯ್ಯನ ಉಸಿರು ಸಿಳ್ಳೆ ಹಾಕುತ್ತಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಬದುಕಲಿ ಎಂದು ಕೊಟ್ಟದ್ದೇ ಹೀಗಾಯಿತಲ್ಲ ಎಂದು ಕರಿಯಮ್ಮ ನೆಲಕ್ಕೆ ಕುಸಿದು ಬಿಕ್ಕಿದಳು. ಅವಳ ಬೆನ್ನು ಸವರುತ್ತಾ ಶಿವರಂಜಿನಿಯೂ ಅತ್ತಳು. ಈ ಸಲ ಸುದ್ದಿ ತಡವಾಗಿರಲಿಲ್ಲ.

ಮಾರನೆಯ ದಿನ ಆಫೀಸಿನ ಫೋನು ಬಡಿದುಕೊಂಡಿತು. ಅದುವರೆಗೆ ತಾನಾಗಿ ಯಾವ ರೋಗಿಯೂ ಅವಳಿಗೆ ಫೋನ್ ಮಾಡಿರಲಿಲ್ಲ. ಆ ಕಡೆ ಕರಿಯಮ್ಮ. ತನಗೂ ಆ ಗುಳಿಗೆಯಿಂದ ಒಣಕೆಮ್ಮು, ರಾತ್ರಿ ನಿದ್ದೆಯಿಲ್ಲ, ಡಾಕ್ಟರಿಗೆ ಬೇಜಾರಾಗುತ್ತದೆಂದು ಹೇಳಿರಲಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಗಂಡ ಹೇಗಿದ್ದಾನೆ ಎಂದು ಶಿವರಂಜಿನಿ ಹೆದರುತ್ತಲೇ ಕೇಳಿದಳು.

"ಬೀಡಿ ಕಿತ್ಕೊಂಡೆ ಅಂತ ಬೆಳಗಿಂದ ಒಂದೇ ಸಮ ಬೈತಾವ್ನೆ. ಉಸಾರಾದ ಅಂತ ಬರ್ಕೊ ಕಣಮ್ಮಿ."

ಶಿವರಂಜಿನಿ ನಗುತ್ತಾ ಹಾಗೆಯೇ ಬರೆದುಕೊಂಡಳು.