ಕೋಚ್ ಬ್ರಿಗ್ಸ್‌ಗೆ ಹಾಕಿದ ಗಂಧದ ಹಾರ

ಅಮೆರಿಕದ ಡಬ್ಲಿನ್‌ನ ಅಪಾರ್ಟ್‌ಮೆಂಟಿನಲ್ಲಿ ಸರೋಜಿನಿಗೆ ಹಗಲು ಹೊತ್ತು ಮಾತಿಗೆ ಸಿಗುತ್ತಿದ್ದವನೆಂದರೆ ಫೋನಿನಲ್ಲಿ ಕ್ರೆಡಿಟ್ ಕಾರ್ಡು ಮಾರುವವನು ಒಬ್ಬನೇ. ಗಂಡ ಅಜಿತ್ ಬೆಳಗಾಗುವ ಮೊದಲೇ ಸೇತುವೆ ದಾಟಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋಗುವವನು, ತಿರುಗಿ ಬರುವಷ್ಟರಲ್ಲಿ ಅವನಲ್ಲಿ ಮಾತೆಲ್ಲ ಖಾಲಿಯಾಗಿರುತ್ತಿತ್ತು. ಅವಳ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಊರಿಗೆ ಊರೇ ಡಾಟ್ ಕಾಮ್ ಎಂದು ಕುಣಿಯುತ್ತಿದ್ದ ಆ ಕಾಲದಲ್ಲಿ, ಉಡುಪಿಯ ಹೈಸ್ಕೂಲಿನಲ್ಲಿ ಗದರಿ ಪಾಠ ಹೇಳುತ್ತಿದ್ದವಳು ಕಿಟಕಿಯಲ್ಲಿ ನಿಂತು ಪಾರ್ಕಿಂಗ್ ಲಾಟಿನ ಕಾರುಗಳ ಬಣ್ಣ ನೋಡುತ್ತಿದ್ದಳು. ಯಾರಿಗಾದರೂ ತಲೆ ಕೆಡುವಂಥದೇ.

ಕೊನೆಗೆ ಹತ್ತಿರದ ಸಣ್ಣ ಕಾಲೇಜೊಂದರ ಕ್ರೀಡಾ ವಿಭಾಗದಲ್ಲಿ ಪುಕ್ಕಟೆ ಕೆಲಸ ಸಿಕ್ಕಿತು. ಅಲ್ಲಿನವರಿಗೆ ಫುಟ್‌ಬಾಲೆಂದರೆ ಪ್ರಾಣ. ನಮ್ಮ ಹಾಗೆ ಕಾಲಲ್ಲಿ ಒದೆಯುವುದಲ್ಲ, ಹೆಲ್ಮೆಟ್ಟು ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವುದು. ತಂಡ ಶುರುವಾದಾಗಿನಿಂದ ಬಂದುಹೋದ ಹೆಡ್ ಕೋಚುಗಳ ಫೋಟೋಗಳು ಒಂದು ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದವು. ಅಕ್ಟೋಬರಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾರಂಭವಿದೆ, ಅಷ್ಟರಲ್ಲಿ ಇವರನ್ನೆಲ್ಲ ಕಾರಿಡಾರಿನ ಗೋಡೆಗೆ ಹಾಕು, ಬದುಕಿರುವವರನ್ನು ಕರಿ ಎಂದು ವಿಭಾಗದ ಮುಖ್ಯಸ್ಥೆ ಪೆಟ್ಟಿಗೆ ತೋರಿಸಿ ಹೋದಳು.

ಫೋಟೋ ಒರೆಸುತ್ತ ಸರೋಜಿನಿಗೆ ಅವರೆಲ್ಲ ಮನೆಯವರಂತೆ ಆಗಿಬಿಟ್ಟರು. ಮೊದಲನೆಯವರದು ಗಿರಿಜಾ ಮೀಸೆ, ಕೆಮಿಸ್ಟ್ರಿ ಪಾಠ ಹೇಳುತ್ತ ಸಂಜೆ ಹುಡುಗರನ್ನು ಮೈದಾನದಲ್ಲಿ ಓಡಿಸುತ್ತಿದ್ದರಂತೆ. ಕಪ್ ಗೆದ್ದವರೊಬ್ಬರ ಹೆಸರನ್ನು ಮೈದಾನಕ್ಕೇ ಇಟ್ಟಿದ್ದರು. ಅವಳಿಗೆ ಮಾತ್ರ ಲೆಸ್ಟರ್ ಬ್ರಿಗ್ಸ್ ಎಂಬವರ ಮೇಲೆ ಪ್ರೀತಿ. ಅವರ ಕಾಲದಲ್ಲಿ ತಂಡ ಬರೀ ಸೋತಿತ್ತು. ಫೋಟೋದಲ್ಲಿ ಟೈ ಸೊಟ್ಟಗಿತ್ತು, ಕಣ್ಣು ಬೇರೆಲ್ಲೋ ಇತ್ತು. ಯಾರೂ ಇಲ್ಲದಾಗ ಅವಳು ಅವರೊಡನೆ ತುಳುವಿನಲ್ಲಿ ಮಾತಾಡುತ್ತಿದ್ದಳು. ಊಟ ಆಯ್ತಾ ಎಂದೂ ಕೇಳುತ್ತಿದ್ದಳು.

ಒಬ್ಬೊಬ್ಬರ ಮನೆಗೂ ಫೋನು ಮಾಡಿದಳು. ಕೆಲವರ ಹೆಂಡತಿಯರು ಗಂಡ ತೀರಿಕೊಂಡ ಕತೆಯನ್ನು ಗಂಟೆಗಟ್ಟಲೆ ಹೇಳಿದರು. ಬ್ರಿಗ್ಸ್ ಅವರ ನಂಬರಿಗೆ ಮಾಡಿದರೆ ಮಾತ್ರ ಈ ನಂಬರು ಚಾಲ್ತಿಯಲ್ಲಿಲ್ಲ ಎಂಬ ಯಂತ್ರದ ದನಿ. ಆಫೀಸಿನ ಹಳಬರನ್ನು ಕೇಳಿದಳು. ಎಂಬತ್ತು ದಾಟಿರಬೇಕು, ಇರಲಿಕ್ಕಿಲ್ಲ ಎಂದು ಭುಜ ಕುಣಿಸಿದರು. ಅವಳು ಪಾಪ, ನಂಬಿದಳು. ಆ ದಿನ ಮನೆಗೆ ಹೋಗಿ ಸ್ನಾನ ಮಾಡಿಯೇ ಒಲೆ ಹಚ್ಚಿದಳು.

ಅಮೆರಿಕಕ್ಕೆ ಹೊರಡುವಾಗ ಅಮ್ಮ ದೇವರ ಫೋಟೋಗಳಿಗೆಂದು ಗಂಧದ ಚಕ್ಕೆಯ ಹಾರಗಳನ್ನು ಕಟ್ಟಿಕೊಟ್ಟಿದ್ದರು. ಅಪಾರ್ಟ್‌ಮೆಂಟಿನಲ್ಲಿ ದೇವರ ಫೋಟೋ ಇದ್ದದ್ದೇ ಒಂದು. ಸಮಾರಂಭದ ಬೆಳಿಗ್ಗೆ ಉಳಿದ ಹಾರಗಳನ್ನು ತಂದು ತೀರಿಕೊಂಡ ಕೋಚುಗಳ ಫೋಟೋಗಳಿಗೆ ಹಾಕಿದಳು. ಬ್ರಿಗ್ಸ್ ಅವರಿಗೆ ಎಲ್ಲಕ್ಕಿಂತ ಉದ್ದದ ಹಾರ. ಮುಖ್ಯಸ್ಥೆ ಬಂದು ಮೂಸಿ ನೋಡಿ, ಎಷ್ಟು ಚೆಂದ ಎಂದಳು. ಯಾಕೆ ಕೆಲವರಿಗೆ ಮಾತ್ರ ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಕಾರಿಡಾರು ಗಿಜಿಗುಟ್ಟುತ್ತಿದ್ದಾಗ ಕೋಲೂರಿಕೊಂಡು ಒಬ್ಬ ಮುದುಕ ಒಳಗೆ ಬಂದರು. ಟೈ ಸೊಟ್ಟಗಿತ್ತು. ಸರೋಜಿನಿಗೆ ನೋಡಿದೊಡನೆ ಗುರುತು ಸಿಕ್ಕಿತು. ಅವರು ನೆಟ್ಟಗೆ ತಮ್ಮ ಫೋಟೋದ ಕೆಳಗೆ ಹೋಗಿ ನಿಂತರು. ಹಾರದ ತುದಿಯನ್ನು ಬೆರಳಲ್ಲಿ ಮುಟ್ಟಿದರು. ಯಾರೂ ಕರೆದಿರಲಿಲ್ಲ, ಪೇಪರಿನಲ್ಲಿ ನೋಡಿ ಬಸ್ಸು ಹತ್ತಿ ಬಂದೆ, ಈ ಕಾಲೇಜು ನನಗೆ ಒಂದು ಹೂವನ್ನೂ ಕೊಟ್ಟಿರಲಿಲ್ಲ, ಇದನ್ನು ಹಾಕಿದವರು ಯಾರು ಎಂದು ಕೇಳಿದರು. ನಾನೇ ಎಂದಳು. ಅವರ ಮುಖ ಅರಳಿದ್ದು ನೋಡಿ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಒತ್ತಾಯಕ್ಕೆ ಬಂದಿದ್ದ ಅಜಿತ್‌ಗೆ ನಿಂತಲ್ಲೇ ಎಲ್ಲ ಅರ್ಥವಾಯಿತು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

"ಹೇಳ್ಬೇಡ ಮಾರಾಯ್ತಿ. ಖುಷಿಯಲ್ಲಿದ್ದಾರೆ, ಇರ್ಲಿ ಬಿಡು."

ಹೇಳಿದರೆ ಆ ಮುದುಕನಿಗೆ ಸಿಕ್ಕ ಒಂದೇ ಮರ್ಯಾದೆ ಮಣ್ಣುಪಾಲು, ಹೇಳದಿದ್ದರೆ ಬದುಕಿರುವವರ ಕೊರಳಿಗೆ ಸಾವಿನ ಹಾರ ಹಾಗೇ ತೂಗುತ್ತದೆ. ಅವಳು ಬಾಯಿ ತೆರೆಯುವ ಮೊದಲೇ ಬ್ರಿಗ್ಸ್ ಗೋಡೆಯುದ್ದಕ್ಕೂ ನಡೆಯತೊಡಗಿದ್ದರು. ಹಾರವಿದ್ದ ಪ್ರತಿ ಫೋಟೋದ ಮುಂದೆ ನಿಂತರು. ಈತನ ಮಣ್ಣಿಗೆ ಹೋಗಿದ್ದೆ ಎಂದರು. ಈತ ಡ್ಯಾನ್‌ವಿಲ್‌ನಲ್ಲಿ ಮಲಗಿದಲ್ಲೇ ಹೋದ ಎಂದರು. ಫೋಟೋಕ್ಕೆ ಹಾರವಿಲ್ಲದ ಕೋಚೊಬ್ಬರು ಆ ಕಡೆ ಜನರ ನಡುವೆ ನಗುತ್ತ ನಿಂತಿದ್ದರು. ಅವರನ್ನು ಒಮ್ಮೆ ನೋಡಿ ಬ್ರಿಗ್ಸ್ ಮೆಲ್ಲಗೆ ತಿರುಗಿ ಬಂದರು.

"ಇದು ಸತ್ತವರಿಗೆ ಹಾಕೋದು, ಅಲ್ವಾ?"

"ಹೌದು. ನಿಮಗೆ ಫೋನು ಮಾಡಿದ್ದೆ, ಎಷ್ಟೋ ಸಲ. ಹೋಗಲಿಲ್ಲ. ತಪ್ಪಾಯ್ತು," ಎಂದಳು ಸರೋಜಿನಿ. ಕಣ್ಣು ತುಂಬಿತ್ತು.

"ಫೋನು ತೆಗೆಸಿಬಿಟ್ಟೆ. ಯಾರೂ ಮಾಡ್ತಿರಲಿಲ್ಲ."

ಅವಳು ಕುರ್ಚಿ ಎಳೆದು ಹತ್ತಿ ಹಾರಕ್ಕೆ ಕೈ ಹಾಕಿದಳು. ಅವರು ಕೋಲು ಅಡ್ಡ ಹಿಡಿದರು.

"ಇರಲಿ ಬಿಡಿ. ನಾನು ಸತ್ತಾಗ ನಿಮಗೆ ತಿಳಿಸೋರು ಯಾರೂ ಇಲ್ಲ. ಆಗ ಹಾಕೋ ಕೆಲಸ ಈಗಲೇ ಮುಗೀತು ಅಂದುಕೊಳ್ಳಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು ಕಾರಿನ ಬಣ್ಣ ನೋಡುವ ತನ್ನನ್ನೇ ಯಾರೋ ಎದುರಿಗೆ ತಂದು ನಿಲ್ಲಿಸಿದ ಹಾಗಾಯಿತು. ಕೋಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹಾರ ತೆಗೆದಳು, ಅದನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕುರ್ಚಿಯಿಂದಿಳಿದಳು. ಮನೆ ಎಲ್ಲಿ ಎಂದು ಕೇಳಿದಳು. ಹೇವರ್ಡ್‌ನಲ್ಲಿ, ಒಂದು ಗ್ಯಾರೇಜಿನ ಹಿಂದಿನ ಕೋಣೆ ಎಂದರು.

"ಭಾನುವಾರ ಬರ್ತೇನೆ. ಪ್ರತಿ ಭಾನುವಾರ. ಈ ಹಾರ ಯಾವಾಗ ಹಾಕಬೇಕು ಅಂತ ನನಗೆ ಗೊತ್ತಾಗಬೇಕಲ್ಲ," ಎಂದಳು.

ಕೋಚ್ ಬ್ರಿಗ್ಸ್ ಅವಳ ಬ್ಯಾಗನ್ನು ನೋಡಿದರು. ಆಮೇಲೆ ಸೊಟ್ಟಗಿದ್ದ ಟೈಯನ್ನು ಸರಿಮಾಡಿಕೊಂಡು, ಎಷ್ಟು ಗಂಟೆಗೆ ಎಂದು ಕೇಳಿದರು.